ಬಳಸದೇ ಹಳತಾದ ಪಿಸ್ತೂಲು

ನಮ್ಮ ಮನೆಯಲ್ಲಿ ಹೊಸದಾಗಿ ಕೊಂಡ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಹಲ್ಲುಜ್ಜುವ ಬ್ರಶ್ಶು ಖಂಡಿತ ಹೊಸದು. ಚಪ್ಪಲಿಯೂ ಹೊಸದೇ. ಉಳಿದಂತೆ ಮಸ್ಕತಿನ ದಾರ್ಸೈಟಿನ ಈ ಎರಡು ಕೋಣೆಯ ಫ್ಲಾಟಿನಲ್ಲಿರುವುದೆಲ್ಲ ಊರಿಗೆ ಮರಳಿದ ಯಾರೋ ಬಿಟ್ಟುಹೋದದ್ದು. ಸೋಫಾ ಮೈಸೂರಿನ ಇಂಜಿನಿಯರೊಬ್ಬರದು, ಫ್ರಿಜ್ಜು ಕೇರಳದ ನರ್ಸ್ ಒಬ್ಬರದು, ಊಟದ ಮೇಜು ಎಷ್ಟು ಕೈ ದಾಟಿ ಬಂದದ್ದೋ ದೇವರಿಗೇ ಗೊತ್ತು. ಒಮಾನಿನಲ್ಲಿರುವ ನಮ್ಮಂಥವರ ಪದ್ಧತಿಯೇ ಹಾಗೆ. ಒಬ್ಬರು ಊರಿಗೆ ಹೊರಟರೆಂದರೆ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಇಡೀ ಸಂಸಾರದ ಫೋಟೋ ಒಂದೊಂದಾಗಿ ಬೀಳತೊಡಗುತ್ತದೆ. ಮಂಚ, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಪ್ರತಿಯೊಂದರ ಕೆಳಗೂ ‘ಹೆಚ್ಚು ಬಳಸಿಲ್ಲ’ ಎಂಬ ಒಕ್ಕಣೆ. ‘ಚೆನ್ನಾಗಿ ಬಳಸಿದ್ದೇವೆ’ ಎಂದು ಬರೆದ ಪುಣ್ಯಾತ್ಮರನ್ನು ಇಪ್ಪತ್ತಮೂರು ವರ್ಷದಲ್ಲಿ ನಾನು ಕಂಡಿಲ್ಲ.

ಹೀಗಾಗಿ ಹಳೆಯ ಸಾಮಾನು ಪರೀಕ್ಷಿಸುವುದರಲ್ಲಿ ನನಗೊಂದು ಜಂಬವಿತ್ತು. ರಬ್ಬರು ಬಿಗಿಯಿದೆಯೇ ಎಂದು ಫ್ರಿಜ್ಜಿನ ಬಾಗಿಲಿಗೆ ನೋಟು ಸಿಕ್ಕಿಸಿ ಎಳೆದು ನೋಡುತ್ತಿದ್ದೆ, ಮಾತಾಡುತ್ತ ಮಾತಾಡುತ್ತಲೇ ಸೋಫಾದ ಮೇಲೆ ಧೊಪ್ಪನೆ ಕೂತು ಅದರ ಸ್ಪ್ರಿಂಗು ಏನನ್ನುತ್ತದೆಂದು ಕೇಳಿಸಿಕೊಳ್ಳುತ್ತಿದ್ದೆ. ಆ ಜಂಬ ಇಳಿದದ್ದು ಹೋದ ಸೆಪ್ಟೆಂಬರಿನಲ್ಲಿ, ಜಗದೀಶ ಭಾವ ಊರಿನಿಂದ ಕಳಿಸಿದ ಒಂದು ಫೋಟೋದಿಂದ. ಹಳದಿ ಬಟ್ಟೆಯ ಮೇಲೆ ಅಂಗೈಯಗಲದ ಒಂದು ಕಪ್ಪು ಪಿಸ್ತೂಲು. ಕೆಳಗೆ ಅದೇ ಒಕ್ಕಣೆ: ‘ಹೆಚ್ಚು ಬಳಸಿಲ್ಲ.’

ಜಗದೀಶ ಭಾವ ಎಂದರೆ ನನ್ನ ಹೆಂಡತಿ ವಾಸಂತಿಯ ಅಣ್ಣ. ಮೂಡುಬಿದಿರೆಯ ಹತ್ತಿರ ಅವರದೊಂದು ಪೆಟ್ರೋಲ್ ಬಂಕ್ ಇದೆ. ದಿನದ ನಗದನ್ನು ಚೀಲದಲ್ಲಿ ತುಂಬಿ ಬ್ಯಾಂಕಿಗೆ ಒಯ್ಯಬೇಕಿದ್ದ ಕಾಲದಲ್ಲಿ, ದಾರಿಯಲ್ಲಿ ಹೆಚ್ಚುಕಮ್ಮಿ ಆದೀತೆಂದು ಲೈಸೆನ್ಸ್ ಮಾಡಿಸಿ ಕೊಂಡ ಪಿಸ್ತೂಲು ಅದು. ಈಗ ಬಂಕಿಗೆ ಬರುವವರೆಲ್ಲ ಫೋನು ತೋರಿಸಿ ಹೋಗುತ್ತಾರೆ. ಒಯ್ಯುವುದಕ್ಕೆ ನಗದೇ ಇಲ್ಲ. ದರೋಡೆಗೆ ಬಂದವನಿಗೂ ‘ನಿಮ್ಮ ಕೋಡ್ ತೋರಿಸಿ, ಸ್ಕ್ಯಾನ್ ಮಾಡುತ್ತೇನೆ’ ಎನ್ನಬೇಕಾದ ಕಾಲ.

ನಾನು ಕೂಡಲೇ ಫೋನು ಮಾಡಿ, ಅಭ್ಯಾಸಬಲದಿಂದ, ಕಾರು ಕೊಳ್ಳುವವನಂತೆ ಕೇಳಿದೆ. “ಎಷ್ಟು ಓಡಿದೆ ಭಾವ?”

“ಒಂದು ಗುಂಡು ಸಹ ಹೊಡಿಲಿಲ್ಲ ಭಾವ,” ಎಂದರು ಅವರು. ನಮ್ಮಲ್ಲಿ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ಇಬ್ಬರೂ ಕೂತು ಮಾತಾಡಿದರೆ ಕೇಳುವವರಿಗೆ ಕಷ್ಟ. “ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರ್ತದೆ, ಅಷ್ಟೆ. ಸ್ವಲ್ಪ ಗಂಧ ಒಳಗೆ ಹೋಗಿ ಒಣಗಿದೆ ಅಂತ ಕಾಣ್ತದೆ. ಕ್ಲೀನ್ ಮಾಡಿದ್ರೆ ಆಯ್ತು.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಪಿಸ್ತೂಲು ಬಳಕೆಯಾಗುವುದಿರಲಿ, ಮನೆಯಲ್ಲಿ ಇದ್ದದ್ದೇ ಕಡಿಮೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರು ಆಯುಧವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕು. ನಮ್ಮ ದೇಶದಲ್ಲಿ ಚುನಾವಣೆಗೇನು ಬರ? ಪಂಚಾಯತಿನದು ಮುಗಿಯಿತು ಎನ್ನುವಾಗ ವಿಧಾನಸಭೆಯದು, ಅದರ ಬೆನ್ನಿಗೆ ಲೋಕಸಭೆಯದು. ಭಾವ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕೊಡುವುದು, ಮತ ಎಣಿಕೆ ಮುಗಿದ ಮೇಲೆ ತರುವುದು. ಹೆರಿಗೆಗೆ ತವರಿಗೆ ಹೋಗಿಬರುವ ಮಗಳಂತಾಗಿತ್ತು ಅದರ ಬಾಳು.

ಇಷ್ಟಾದರೂ ಆ ಫೋಟೋವನ್ನು ನಾನು ಅಳಿಸಲಿಲ್ಲ. ಅದಕ್ಕೆ ಕಾರಣವಿತ್ತು. ರುಸೈಲಿನ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಿಸುವವನು. ಬರುವ ಮಾರ್ಚಿಗೆ ನಿವೃತ್ತಿ. ವೀಸಾ ಮುಗಿದ ದಿನ ಇಲ್ಲಿಯ ಬದುಕು ಖಲಾಸ್. ಮೂಡುಬಿದಿರೆಯಿಂದ ನಾಲ್ಕು ಕಿಲೋಮೀಟರ್ ಆಚೆ ಗುಡ್ಡೆಯ ಮೇಲೆ ಆರು ವರ್ಷದ ಹಿಂದೆ ಒಂದು ಮನೆ ಕಟ್ಟಿಸಿದ್ದೇವೆ. ಎಲ್ಲರೂ ಮನೆ ಕಟ್ಟಿ ಗ್ರಿಲ್ಲು ಹಾಕಿಸುತ್ತಾರೆ; ನಾವು ಗಲ್ಫಿನವರು ಗ್ರಿಲ್ಲು ಹಾಕಿಸಿ ಅದರೊಳಗೆ ಮನೆ ಕಟ್ಟುತ್ತೇವೆ. ಆಳೆತ್ತರದ ಕಂಪೌಂಡು, ಗೇಟು, ಮುಂಬಾಗಿಲು, ಅಂಗಳಕ್ಕೆಂದು ನಾಲ್ಕು ಕ್ಯಾಮರಾ. ಒಂದೇ ಒಂದು ಕೊರತೆಯೆಂದರೆ ಒಳಗೆ ಯಾರೂ ಇಲ್ಲ. ಆ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿಯುವುದನ್ನು ನಾನು ಇಲ್ಲಿಂದಲೇ ಎಷ್ಟು ಸಲ ಅಭ್ಯಾಸ ಮಾಡಿದ್ದೇನೋ ಲೆಕ್ಕವಿಲ್ಲ.

ವಾಸಂತಿಗೆ ಮಾತ್ರ ಆ ಮನೆಯೆಂದರೆ ಭಯ. “ನೀವು ಒಂದು ದಿನ ಮಂಗಳೂರಿಗೆ ಹೋದ್ರೂ ಆ ಗುಡ್ಡೆಯಲ್ಲಿ ನಾನೊಬ್ಳು ಇರುದಿಲ್ಲ,” ಎಂದು ಅವಳು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು. “ಅದನ್ನು ಕೊಟ್ಟು ಮಂಗಳೂರಲ್ಲೇ ಒಂದು ಫ್ಲಾಟ್ ತೆಕ್ಕೊಳ್ಳುವ. ಹನ್ನೊಂದನೇ ಮಾಳಿಗೆಗೆ ಯಾವ ಕಳ್ಳ ಹತ್ತುತ್ತಾನೆ?” ಇಪ್ಪತ್ತಮೂರು ವರ್ಷ ಫ್ಲಾಟಿನಲ್ಲಿದ್ದು ಕೊನೆಗೆ ಇನ್ನೊಂದು ಫ್ಲಾಟಿಗೆ ಹೋಗುವುದೆಂದರೆ ನನಗೆ ನಿಜಕ್ಕೂ ದುಃಖವಾಗುತ್ತಿತ್ತು. ಪಿಸ್ತೂಲೊಂದು ಕಪಾಟಿನಲ್ಲಿದ್ದರೆ ಅವಳಿಗೆ ಧೈರ್ಯ ಬರಬಹುದು, ಮನೆ ಉಳಿಯಬಹುದು ಎಂಬುದು ನನ್ನ ಲೆಕ್ಕಾಚಾರ.

ಅಕ್ಟೋಬರಿನಲ್ಲಿ ಆ ಲೆಕ್ಕಾಚಾರಕ್ಕೆ ಬಲ ಬಂತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಫೋನು ಕಿರ್ರೆಂದಿತು: ಮುಂಬಾಗಿಲ ಕ್ಯಾಮರಾದಲ್ಲಿ ಮನುಷ್ಯರ ಚಲನೆ. ತೆರೆದು ನೋಡಿದರೆ ಎಲ್ಲ ಮಂಜು ಮಂಜು. ಆ ಮಂಜಿನೊಳಗಿಂದ ಒಂದು ಉದ್ದನೆಯ ಕೋಲು ನೆಟ್ಟಗೆ ನಮ್ಮ ಮುಖಕ್ಕೇ ಬಂತು. ಕೋಲಿನ ತುದಿಯಲ್ಲಿ ಏನೋ ಕೆದರಿದ ಕೂದಲಿನಂಥದ್ದು. ಒಂದೆರಡು ಏಟು ಬಿತ್ತು. ಆಮೇಲೆ ಕ್ಯಾಮರಾ ಆಕಾಶ ನೋಡತೊಡಗಿತು. ಮರುದಿನವೂ ಅದೇ ಹೊತ್ತಿಗೆ ಅದೇ ಕೋಲು. ಒಟ್ಟು ಐದು ದಿನ. ಮುಖ ಮಾತ್ರ ಒಮ್ಮೆಯೂ ಕಾಣಲಿಲ್ಲ. ಭಾವ ಹೋಗಿ ಗೇಟಿನಿಂದಲೇ ನೋಡಿ, “ಬೀಗ ಸರಿ ಉಂಟು. ಆದ್ರೆ ಮೊದಲು ಕ್ಯಾಮರಾ ಹಾಳು ಮಾಡಿ ಆಮೇಲೆ ಬರುದು ಅವರ ಕ್ರಮ. ಇದಕ್ಕೇ ನಾನು ಹೇಳಿದ್ದು, ಪಿಸ್ತೂಲ್ ಇರ್ಲಿ ಅಂತ,” ಎಂದರು. ವಾಸಂತಿ ಮಂಗಳೂರಿನ ಫ್ಲಾಟುಗಳ ಚಿತ್ರ ತೆಗೆದು ಕೂತಳು.

ನಾನು ಲೈಸೆನ್ಸಿನ ಅರ್ಜಿ ತೆಗೆದು ಕೂತೆ. ಲೈಸೆನ್ಸ್ ಮೊದಲು, ಪಿಸ್ತೂಲು ಆಮೇಲೆ, ಅದು ಕಾನೂನು. ಹೆಸರು, ವಿಳಾಸ, ಉದ್ಯೋಗ ಎಲ್ಲ ಸರಾಗವಾಗಿ ತುಂಬಿತು. ‘ಆಯುಧ ಏಕೆ ಬೇಕು’ ಎಂಬಲ್ಲಿ ಪೆನ್ನು ನಿಂತಿತು. ಶತ್ರುಗಳಿದ್ದಾರೆ ಎನ್ನೋಣವೆಂದರೆ ನನಗಿರುವ ಒಬ್ಬನೇ ಶತ್ರು ನಮ್ಮ ಕಾರ್ಖಾನೆಯ ಉತ್ಪಾದನಾ ವಿಭಾಗದ ಮ್ಯಾನೇಜರು, ಅವರ ಪೈಪುಗಳನ್ನು ನಾನು ತಿರಸ್ಕರಿಸುವುದರಿಂದ. ಅವರೂ ಪ್ರತಿ ಗುರುವಾರ ನನಗೆ ಸಮೋಸ ಕೊಡಿಸುತ್ತಾರೆ. ಕಾಡುಹಂದಿಯ ಕಾಟ ಎನ್ನಬಹುದೇ ಎಂದು ಭಾವನನ್ನು ಕೇಳಿದರೆ, “ಈ ಪಿಸ್ತೂಲ್ ಹಿಡ್ಕೊಂಡು ಹೋದ್ರೆ ಹಂದಿ ನಗಾಡ್ತದೆ,” ಎಂದರು. ನನ್ನ ಗುರಿಯ ಬಗ್ಗೆಯೂ ಹೇಳಬೇಕು. ಹರೆಯದಲ್ಲೊಮ್ಮೆ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಟ್ಟು ಅಂಗಡಿಯವನ ಬಲ್ಬು ಒಡೆದವನು ನಾನು. ನನ್ನ ಕೈಗೆ ಒಗ್ಗಿದ ಆಯುಧ ಪೈಪಿನ ದಪ್ಪ ಅಳೆಯುವ ಕ್ಯಾಲಿಪರ್ ಒಂದೇ. ಅದನ್ನು ಹಿಡಿದು ನಿಂತರೆ ಕಳ್ಳ ಹೆದರುವುದಿಲ್ಲ, ಅವನ ಕೋಲಿನ ದಪ್ಪ ಮಾತ್ರ ಗೊತ್ತಾದೀತು.

ಬಂದೂಕು ಎಂಬ ಪದದ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ಅರಬರು ಬುಂದುಕ್ ಎನ್ನುವುದು ಒಂದು ಬಗೆಯ ಕಾಯಿಗೆ; ಇಲ್ಲಿಯ ಅಂಗಡಿಗಳಲ್ಲಿ ಬಾದಾಮಿಯ ಪಕ್ಕದ ಡಬ್ಬಿಯಲ್ಲಿರುತ್ತದೆ, ಗೋಲಿಯಷ್ಟು ದುಂಡಗೆ. ಅದರ ಗಾತ್ರದ ಗುಂಡುಗಳಿಗೆ ಆ ಹೆಸರು ಬಂತು, ಗುಂಡು ಹಾರಿಸುವ ಸಲಕರಣೆಗೂ ಅಂಟಿಕೊಂಡಿತು, ಸಮುದ್ರ ದಾಟಿ ನಮ್ಮ ಕನ್ನಡಕ್ಕೂ ಬಂತು ಎನ್ನುತ್ತಾರೆ. ಇದನ್ನು ತಿಳಿದ ಮೇಲೆ ಆ ಡಬ್ಬಿಗೆ ಕೈಹಾಕುವಾಗಲೆಲ್ಲ ನಾನು ಸ್ವಲ್ಪ ಶೂರನಾದಂತೆ ಅನಿಸುತ್ತದೆ. ಅರ್ಜಿ ತುಂಬಲು ಅದು ನೆರವಾಗಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಇಬ್ರಾ ಊರಿನ ಸಾಲಿಮ್ ಊಟಕ್ಕೆ ಕರೆದ. ನಮ್ಮ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದು ಹೋದ ವರ್ಷ ನಿವೃತ್ತನಾದ ಒಮಾನಿ ಅವನು. ಹದಿನೈದು ವರ್ಷ ನಮ್ಮ ಜೊತೆ ದುಡಿದು ಚೆನ್ನಾಗಿ ಹಿಂದಿ ಕಲಿತಿದ್ದಾನೆ. ವಾಸಂತಿ ಒಳಗೆ ಅವನ ಹೆಂಡತಿಯ ಜೊತೆ ಕೂತಳು. ನಾನು ಗಂಡಸರು ಕೂರುವ ಮಜ್ಲಿಸಿನಲ್ಲಿ. ಖರ್ಜೂರ ಬಂತು, ಏಲಕ್ಕಿ ಹಾಕಿದ ಅರಬೀ ಕಾಫಿ ಖಾವಾ ಬಂತು. ಗೋಡೆಯ ಮೇಲೊಂದು ಹಳೆಯ ಉದ್ದ ಬಂದೂಕು, ಅದರ ಪಕ್ಕ ಸಾಲಾಗಿ ಆರೇಳು ಬರಿಯ ಗೂಟ. ಒಂದರಲ್ಲಿ ಮೊಮ್ಮಗಳ ಶಾಲೆಯ ಚೀಲ, ಇನ್ನೊಂದರಲ್ಲಿ ಕಾರಿನ ಕೀಲಿ.

“ಈ ಗೂಟ ಯಾಕೆ ಇಷ್ಟು?” ಎಂದೆ.

“ಅಪ್ಪನ ಕಾಲದ್ದು,” ಎಂದ ಸಾಲಿಮ್. “ಬಂದವರು ಬಾಗಿಲಲ್ಲೇ ಬಂದೂಕು ಕೊಡುತ್ತಿದ್ದರು. ಅಪ್ಪ ತನ್ನದರ ಪಕ್ಕ ತೂಗುಹಾಕುತ್ತಿದ್ದ. ಆಮೇಲೆ ಖಾವಾ.”

“ಕೊಡದಿದ್ದರೆ?”

“ಅರೆ ಸದೀಕ್, ನನ್ನ ಗೆಳೆಯ, ಬಂದೂಕು ತೊಡೆಯ ಮೇಲಿದ್ದರೆ ಖಾವಾದ ಲೋಟ ಹಿಡಿಯುವ ಕೈ ಎಲ್ಲಿದೆ?”

ನಾನು ನನ್ನ ಪಿಸ್ತೂಲಿನ ಯೋಚನೆ, ಕ್ಯಾಮರಾ, ಕೋಲು ಎಲ್ಲವನ್ನೂ ಹೇಳಿದೆ. ಅವನು ಗಂಭೀರವಾಗಿ ಕೇಳಿ ಒಂದೇ ಪ್ರಶ್ನೆ ಕೇಳಿದ. “ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದಾರೆ?”

ಒಬ್ಬರು ಬಾಯಿ ಇದ್ದಾರೆ ಎಂದೆ. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಗೌರವದಿಂದ ಕರೆಯುತ್ತೇವೆ. ಹೆಸರು? ಲೀನಾ ಇರಬೇಕು. ಫೋನ್ ನಂಬರು? ಇಲ್ಲ. ಸಾಲಿಮ್ ನಕ್ಕ ನಗೆಗೆ ಒಳಗಿದ್ದ ಹೆಂಗಸರು ಮಾತು ನಿಲ್ಲಿಸಿದರು. “ನಾಲ್ಕು ಕ್ಯಾಮರಾ ಹಾಕಿಸಿದ್ದೀಯ, ನೆರೆಮನೆಯ ನಂಬರು ಒಂದೂ ಇಲ್ಲ! ಕಳ್ಳ ಬಂದರೆ ಮಸ್ಕತಿನಿಂದ ಗುಂಡು ಹಾರಿಸುತ್ತೀಯಾ?” ನನಗೆ ನಾಚಿಕೆಯಾಯಿತು. ಸಾಕೆಂದು ಲೋಟ ಅಲ್ಲಾಡಿಸುವುದನ್ನೂ ಮರೆತು ಮತ್ತೆರಡು ಸಲ ಖಾವಾ ಕುಡಿದೆ.

ವಾಪಸು ಬರುವಾಗ ಕಾರಿನಲ್ಲಿ ವಾಸಂತಿಗೆ ಇದನ್ನು ಹೇಳಿದೆ. ಅವಳು ಅತ್ತಿಗೆಗೆ ಫೋನು ಮಾಡಿ ಎರಡು ನಿಮಿಷದಲ್ಲಿ ನಂಬರು ಸಂಪಾದಿಸಿದಳು. ಆರು ವರ್ಷದಿಂದ ಆಗದ ಕೆಲಸ! ಅಂಗನವಾಡಿ ಟೀಚರಾಗಿ ನಿವೃತ್ತರಾದ ಲೀನಾ ಬಾಯಿ ಮೊದಲನೇ ರಿಂಗಿಗೇ ಎತ್ತಿದರು. ಬೆಳಗ್ಗೆ ಬೆಳಗ್ಗೆ ಕೋಲು ಹಿಡಿದು ಬಂದವರನ್ನು ನೀವೇನಾದರೂ ನೋಡಿದಿರಾ ಎಂದು ವಾಸಂತಿ ಅಳುಕುತ್ತಲೇ ಕೇಳಿದಳು.

“ಅಯ್ಯೋ, ಅದು ನಾನೇ ಮಾರಾಯ್ರೆ!” ಎಂದು ಫೋನಿನ ಸ್ಪೀಕರಿನಲ್ಲಿ ಆ ಕಡೆಯಿಂದ ಸ್ವರ ಬಂತು. “ನಿಮ್ಮ ಕ್ಯಾಮರಾಕ್ಕೆ ಜೇಡ ಬಲೆ ಕಟ್ಟಿತ್ತು. ಪಾಪ, ಅಲ್ಲಿ ಕೂತು ಅವ್ರಿಗೆ ಎಂತ ಕಾಣ್ತದೆ ಅಂತ ಕೋಲಿಗೆ ಗುಡಿಸುವ ಹಿಡಿಸೂಡಿ ಕಟ್ಟಿ ತೆಗ್ದೆ. ಅದು ತಿರುಗಿ ಮೇಲೆ ಹೋಯ್ತು. ಸರಿ ಮಾಡ್ಲಿಕ್ಕೆ ಮತ್ತೆ ನಾಲ್ಕು ದಿನ ಹೋದೆ, ಇನ್ನೂ ಮೇಲೆ ಹೋಯ್ತು. ಹಾಳಾಗಿದ್ರೆ ಬೈಬೇಡಿ ಆಯ್ತಾ.”

ಗೇಟಿಗೆ ಬೀಗ ಹಾಕಿದ್ದರೂ ಹೇಗೆ ಒಳಗೆ ಹೋದಿರಿ ಎಂದು ನಾನು ನಡುವೆ ಬಾಯಿ ಹಾಕಿದೆ. ಗುಣಮಟ್ಟ ಪರೀಕ್ಷಿಸುವವನ ಬುದ್ಧಿ. “ಹಿಂದೆ ನಿಮ್ಮ ಕಂಪೌಂಡ್ ಮಳೆಗೆ ಬಿದ್ದು ಒಂದು ವರ್ಷ ಆಯ್ತಲ್ಲ,” ಎಂದರು ಬಾಯಿ. ಆ ಭಾಗ ನಮ್ಮ ನಾಲ್ಕೂ ಕ್ಯಾಮರಾಗಳಿಗೆ ಕಾಣುವುದಿಲ್ಲ. “ನಾನು ದಿನಾ ಹಿತ್ತಿಲಲ್ಲಿ ಒಂದು ಸುತ್ತು ಹಾಕಿ ಬರ್ತೇನೆ. ನೀವು ಯಾವಾಗ ಬರುದು? ಬಂದ್ರೆ ನನಗೂ ಧೈರ್ಯ. ಈ ಗುಡ್ಡೆಯಲ್ಲಿ ನಾನೊಬ್ಳೇ ಅಲ್ವಾ ಇರುದು.”

ವಾಸಂತಿ ಕಿಟಕಿಯ ಹೊರಗೆ ನೋಡಿದಳು. ಹನ್ನೊಂದನೇ ಮಾಳಿಗೆಯೋ ಗುಡ್ಡೆಯೋ ಎಂಬುದು ಆ ಗಳಿಗೆಯಲ್ಲಿ ತೀರ್ಮಾನವಾಗುತ್ತಿದೆ ಎಂದು ನನಗೆ ಗೊತ್ತಿತ್ತು. “ಮಾರ್ಚಿಗೆ ಬರ್ತೇವೆ ಬಾಯಿ,” ಎಂದಳು. “ಅಲ್ಲಿಯವರೆಗೆ ಸ್ವಲ್ಪ ನೋಡ್ಕೊಳ್ಳಿ.” ನನಗೆ ಆದ ಸಂತೋಷದಲ್ಲಿ ಮಸ್ಕತಿಗೆ ಹೊರಳುವ ಬಿದ್ಬಿದ್‌ನ ತಿರುವು ದಾಟಿ ಮುಂದೆ ಹೋಗಿಬಿಟ್ಟೆ.

ಭಾವನಿಗೆ ಪಿಸ್ತೂಲು ಬೇಡವೆಂದು ತಿಳಿಸಿದೆ. ಬೇಸರಪಟ್ಟಾರೇನೋ ಎಂದುಕೊಂಡರೆ ಅವರ ಸ್ವರದಲ್ಲಿ ನೆಮ್ಮದಿಯೇ ಇತ್ತು. “ಇರ್ಲಿ ಬಿಡಿ ಭಾವ. ನನಗೂ ಅದನ್ನು ಕೊಡ್ಲಿಕ್ಕೆ ಮನಸ್ಸಿರ್ಲಿಲ್ಲ. ಹೇಗೂ ಪಂಚಾಯತ್ ಚುನಾವಣೆ ಬಂತು, ಠಾಣೆಗೆ ಕೊಟ್ಟು ಬರ್ತೇನೆ,” ಎಂದರು. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಸಾಮಾನುಗಳಲ್ಲೆಲ್ಲ ‘ಹೆಚ್ಚು ಬಳಸಿಲ್ಲ’ ಎಂಬುದು ಅರ್ಧ ಸುಳ್ಳಾಗಿರುತ್ತಿತ್ತು. ಪೂರ್ತಿ ನಿಜವಾಗಿದ್ದದ್ದು ಕೊಳ್ಳದೇ ಬಿಟ್ಟ ಇದೊಂದರಲ್ಲಿ. ಅದು ಹಾಗೆಯೇ ಹಳತಾಗಲಿ ಎಂದು ಹಾರೈಸುತ್ತೇನೆ.

ಅರ್ಜಿಯ ಹಾಳೆ ವ್ಯರ್ಥವಾಗಲಿಲ್ಲ. ಅದರ ಹಿಂಬದಿಯಲ್ಲಿ ಊರಿನ ಬಡಗಿಗೆ ಹೇಳಬೇಕಾದ ಕೆಲಸಗಳನ್ನು ಪಟ್ಟಿ ಮಾಡಿದ್ದೇನೆ. ಹಿಂದಿನ ಕಂಪೌಂಡನ್ನು ಕಟ್ಟಿಸುವುದಿಲ್ಲ, ಬಾಯಿ ಬರುವ ದಾರಿ ಅದು. ಅಲ್ಲೊಂದು ಸಣ್ಣ ಮರದ ಗೇಟು ಸಾಕು, ಬೀಗ ಬೇಡ. ಮತ್ತೆ ಮುಂಬಾಗಿಲ ಪಕ್ಕ ಒಂದು ಗಟ್ಟಿ ಗೂಟ ಹೊಡೆಯಬೇಕು. ಯಾವುದಕ್ಕೆ, ಎಷ್ಟು ಎತ್ತರಕ್ಕೆ ಎಂದು ಬಡಗಿ ಫೋನಿನಲ್ಲಿ ಕೇಳಿದ. ಲೀನಾ ಬಾಯಿ ಚಹಾಕ್ಕೆ ಬಂದಾಗ ಅವರ ಕೋಲು ತೂಗುಹಾಕಬೇಕು, ಅಷ್ಟು ಎತ್ತರಕ್ಕೆ ಎಂದೆ.