ಕೊಣ್ಣೂರಿನಲ್ಲಿ ಐರ್ಲೆಂಡಿನ ಜಮೀನ್ದಾರ

ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಿದ್ದ ಇದ್ದಲಿಯ ಗ್ಯಾಸಿನಿಂದ ಓಡುವ ನಮ್ಮ ಬಸ್ಸು ಕೊಣ್ಣೂರಿನಲ್ಲಿ ಏದುಸಿರು ಬಿಟ್ಟು ನಿಂತಿತು. ಕೆಂಡ ಮತ್ತೆ ಹೊತ್ತಿಕೊಳ್ಳುವವರೆಗೆ ಚಹದಂಗಡಿಯಲ್ಲಿ ಕುಳಿತು, ಹಳೆಯ ಕಾಲದ ಐರ್ಲೆಂಡಿನ ಜಮೀನ್ದಾರನೊಬ್ಬನ ಜೀವನಚರಿತ್ರೆ ತೆರೆದೆ.

ಬಾಜೂದಲ್ಲಿದ್ದ ಮುದುಕ ರೈತ, "ಏನ್ ಓದಾಕತ್ತೀರಿ? ನಮಗೂ ಹೇಳ್ರಿ" ಎಂದ.

ಹೇಳಿದೆ. ರಾಜರು ಬದಲಾದಂತೆಲ್ಲ ಆತ ಪಕ್ಷ ಬದಲಿಸಿದ, ಪಾರ್ಲಿಮೆಂಟಿನಲ್ಲಿ ಕುಳಿತ, ಒಂದು ಗುಂಟೆ ಹೊಲವನ್ನೂ ಕಳೆದುಕೊಳ್ಳಲಿಲ್ಲ.

"ಅದಿರ್ಲಿ. ಮನಿಗೆ ಬಂದ ರೈತರಿಗೆ ಉಣ್ಣಾಕ ಹಾಕ್ತಿದ್ನೇನ್ರಿ?"

ಪುಟ ತಿರುವಿದೆ. ಕೋಟೆ, ಕುದುರೆ, ಮೊಕದ್ದಮೆ ಎಲ್ಲ ಇದ್ದವು, ಊಟವಿರಲಿಲ್ಲ.

"ಹಂಗಾರ ಅವಂಗ ನಮ್ಮ ಓಟಿಲ್ಲ ಬಿಡ್ರಿ." ಅಂಗಡಿಯಲ್ಲಿದ್ದವರೆಲ್ಲ ಹೌದೌದೆಂದರು.

ಎದುರಿಗೆ ಜರಿ ರುಮಾಲಿನ ದೇಸಾಯರೊಬ್ಬರು ಕುಳಿತಿದ್ದರು. ಲೋಕಲ್ ಬೋರ್ಡಿನ ಚುನಾವಣೆಗೆ ನಿಂತಿರುವುದನ್ನು ಅವರು ಬಸ್ಸಿನಲ್ಲೇ ನಮಗೆಲ್ಲ ಸಾರಿದ್ದರು. ಈಗ ಅವರಿಗೆ ತಡೆಯಲಾಗಲಿಲ್ಲ.

"ಪುಸ್ತಕದಾಗ ಬರದಿಲ್ಲಂದ್ರ ಹಾಕಿಲ್ಲ ಅಂದಂಗೇನು? ದೊಡ್ಡ ಮನಿತನದವ್ರು ಹಾಕೇ ಹಾಕ್ತಾರ!"

"ಖರೆ ಐತ್ರಿ," ಮುದುಕ ಮೆತ್ತಗೆ ಕೇಳಿದ, "ನೀವು ಯಾವಾಗ ಹಾಕೀರಿ, ದೇಸಾಯ್ರ?"

ದೇಸಾಯರು ಒಮ್ಮೆ ಕೆಮ್ಮಿ, ರುಮಾಲು ಸರಿಮಾಡಿಕೊಂಡು, "ಏ, ಎಲ್ಲಾರಿಗೂ ಚಾ ಕೊಡಪಾ. ಭಜಿನೂ ಕೊಡು" ಎಂದರು.

ಮುದುಕ ಚಹವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಸೊರ್ರನೆ ಕುಡಿದ. ಆಮೇಲೆ ದೇಸಾಯರ ಕಡೆ ನೋಡದೆ ನನ್ನ ಪುಸ್ತಕಕ್ಕೆ ಕೈಮುಗಿದ.

"ಪುಣ್ಯಾತ್ಮ ನೋಡ್ರಿ. ಸತ್ತು ಇಷ್ಟು ವರ್ಷ ಆದ ಮ್ಯಾಲೂ ನಮಗ ಚಾ ಕುಡಿಸಿದ."