ಅತ್ತೆಯ ಬಾಯಿಂದ ಕಲಿತ ಭಾಷೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಲ್ಲುಸೆಟ್ಟು ತಯಾರಿಸುವ ಒಂದು ಲ್ಯಾಬ್ ಇದೆ. ಊರಿನ ದಂತವೈದ್ಯರು ತಮ್ಮಲ್ಲಿಗೆ ಬಂದವರ ಒಸಡಿನ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಾರೆ. ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಒಂದು ಬೋಳುಬಾಯಿ ಮೇಜಿನ ಮೇಲೆ ಎದ್ದು ಕೂರುತ್ತದೆ. ಅದರ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಬಿಸಿ ಚಾಕುವಿನಿಂದ ಕರಗಿಸುತ್ತ, ಒಂದೊಂದೇ ಹಲ್ಲನ್ನು ನೆಡಬೇಕು. ಕಿಟಕಿಯ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಈ ನಾಟಿ ಕೆಲಸ ಮಾಡಿಕೊಂಡು ಬಂದವಳನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಾರೆ. ಅವಳಿಗೂ ಆ ಹೆಸರಿನ ಮೇಲೆ ಬೇಸರವಿಲ್ಲ. ಯಾರಾದರೂ ಬೀದಿಯಲ್ಲಿ ನಕ್ಕರೆ ಅವಳ ಕಣ್ಣು ಮೊದಲು ಹೋಗುವುದು ಬಾಯಿಗೆ, ಆಮೇಲೆ ಮುಖಕ್ಕೆ.

ಒಂದು ಮಧ್ಯಾಹ್ನ ಲ್ಯಾಬಿನ ಯಜಮಾನರು ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ವಿದೇಶದ ದೊಡ್ಡ ಲ್ಯಾಬೊಂದು ಇಲ್ಲಿಂದ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತದಂತೆ. ಅಲ್ಲಿ ಹಲ್ಲಿನ ಸಾಲನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಯಂತ್ರದಲ್ಲಿ ಕಡೆದು ತೆಗೆಯುತ್ತಾರಂತೆ. ಅಲ್ಲಿಯೇ ಕೆಲಸ ಮಾಡುತ್ತ ಅದನ್ನು ಕಲಿಯಬೇಕು, ಬಂದು ಇಲ್ಲಿಯವರಿಗೆ ಹೇಳಿಕೊಡಬೇಕು. ವಯಸ್ಸಿನ ಮಿತಿಯಿಲ್ಲ, ಆದರೆ ಹೋಗುವ ಮೊದಲು ಆ ದೇಶದ ಭಾಷೆಯಲ್ಲೇ ವಿಡಿಯೋ ಕರೆಯಲ್ಲಿ ಸಂದರ್ಶನ ಕೊಡಬೇಕು. "ಅಕ್ಕ, ನಿಮ್ಮ ಹೆಸರು ಕೊಡ್ಲಾ?" ಎಂದು ಕೇಳಿದರು.

ಹಲ್ಲಕ್ಕ ಕೈಯಲ್ಲಿದ್ದ ಕೋರೆಹಲ್ಲನ್ನು ಮೇಣದಲ್ಲಿ ಊರಿ, ಅದು ನೆಟ್ಟಗಿದೆಯೇ ಎಂದು ನೋಡಿ, "ಕೊಡಿ" ಎಂದಳು. ಅಷ್ಟು ಸಲೀಸಾಗಿ ಆ ಮಾತು ತನ್ನ ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಸಂಜೆ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. ಮಾತು ಕಡಿಮೆ. ಸುದ್ದಿ ಕೇಳಿ, ಬೂಟಿನ ಲೇಸು ಬಿಚ್ಚುತ್ತಿದ್ದವನು ಎರಡೂ ಬೂಟನ್ನು ಬಾಗಿಲ ಪಕ್ಕ ಜೋಡಿಸಿಟ್ಟ. ಆಮೇಲೆ, ಅಡುಗೆ ಕಲಿಸಿಕೊಟ್ಟು ಹೋಗು, ಇಲ್ಲದಿದ್ದರೆ ನಾನೂ ಅಮ್ಮನೂ ಬರೀ ಬ್ರೆಡ್ಡು ತಿಂದುಕೊಂಡಿರಬೇಕಾಗುತ್ತದೆ ಎಂದ. ಅವನ ಅಮ್ಮ ಹೇಗೂ ಬ್ರೆಡ್ಡನ್ನೇ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು, ಏಕೆಂದರೆ ಅವರ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಇದು ಹಲ್ಲಕ್ಕನ ಸಂಸಾರದ ಹಳೆಯ ತಮಾಷೆ. ಊರಿಗೆಲ್ಲ ಹಲ್ಲು ಹಂಚುವವಳ ಅತ್ತೆ ಬೋಳುಬಾಯಿಯವರು. ಹಿಂದೆ ಎಲ್ಲೋ ಮಾಡಿಸಿದ್ದ ಒಂದು ಸೆಟ್ಟು ಅವರಿಗಿತ್ತು. ಒಮ್ಮೆ ಬಸ್ಸಿನಲ್ಲಿ ಜೋರಾಗಿ ಸೀನಿದಾಗ ಅದು ಬಾಯಿಂದ ಹಾರಿ ಮುಂದಿನ ಸೀಟಿನ ಹೆಂಗಸಿನ ತರಕಾರಿ ಚೀಲಕ್ಕೆ ಬಿತ್ತು. ಆ ಹೆಂಗಸು ಮುಂದಿನ ನಿಲ್ದಾಣದಲ್ಲಿ ಇಳಿದುಹೋದಳು. ಅತ್ತೆ ನಾಚಿಕೆಯಿಂದ ಕೂಗಲಿಲ್ಲ. ಅಂದಿನಿಂದ ಸೊಸೆ ಎಷ್ಟು ಗೋಗರೆದರೂ, ಇನ್ನು ಈ ಬಾಯಿಗೆ ಕೊಟ್ಟಿದ್ದು ಸಾಕು ಎಂದು ಮಾತು ತುಂಡರಿಸುತ್ತಿದ್ದರು.

ಭಾಷೆಯ ತರಗತಿ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ, ವಾರದಲ್ಲಿ ಕೆಲವು ಸಂಜೆ ನಡೆಯುತ್ತಿತ್ತು. ಹಲ್ಲಕ್ಕ ಬರೆಯುವುದರಲ್ಲಿ ಚುರುಕು. ಮನೆಪಾಠ ತಪ್ಪಿಸಿದವಳಲ್ಲ. ಆದರೆ ಎದ್ದು ನಿಂತು ಮಾತಾಡು ಎಂದರೆ ಬಾಯಿಗೆ ಬೀಗ. ಮೇಡಂ ತನ್ನ ಮುಖವನ್ನೇ ನೋಡುತ್ತಿದ್ದಾರೆ ಎನಿಸಿದ ಕೂಡಲೇ ಕಲಿತದ್ದೆಲ್ಲ ಆವಿಯಾಗಿಬಿಡುತ್ತಿತ್ತು. ಮೇಡಂ ಅವಳಿಗೆ, ಮನೆಯಲ್ಲಿ ಯಾರ ಜೊತೆಗಾದರೂ ದಿನವೂ ಮಾತಾಡಿ, ಪುಸ್ತಕದಿಂದ ನಾಲಿಗೆ ಹೊರಳುವುದಿಲ್ಲ ಎಂದರು.

ಮನೆಯಲ್ಲಿ ಯಾರಿದ್ದಾರೆ? ಗಂಡನನ್ನು ಕೂರಿಸಿಕೊಂಡು ನೋಡಿದಳು. ಅವನು ಎರಡನೆಯ ವಾಕ್ಯಕ್ಕೇ ಗೊರಕೆ ಹೊಡೆದ. ಹಾಗಾಗಿ ಫೋನಿನಲ್ಲಿ ಮೇಡಂ ಕಳಿಸಿದ ಪಾಠ ಹಾಕಿಕೊಂಡು, ತರಕಾರಿ ಹೆಚ್ಚುತ್ತ ತಾನೊಬ್ಬಳೇ ಗುನುಗತೊಡಗಿದಳು. ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತ ಕೂರುತ್ತಿದ್ದರು. ಒಂದು ದಿನ ಹಲ್ಲಕ್ಕ ವಾಕ್ಯದ ನಡುವೆ ತಡವರಿಸಿದಾಗ ಉಳಿದ ಅರ್ಧವನ್ನು ಅತ್ತೆ ಮುಗಿಸಿದರು. ತಲೆಯೆತ್ತಲೂ ಇಲ್ಲ, ಬಟಾಣಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

ಹಲ್ಲಕ್ಕ ಚಾಕು ಕೆಳಗಿಟ್ಟಳು. ಅತ್ತೆ ನಿವೃತ್ತರಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಂತೆಂಥದೋ ಊರುಗಳ ಎಂತೆಂಥದೋ ದನಿಗಳನ್ನು ಒಂದಕ್ಕೊಂದು ಜೋಡಿಸುತ್ತಲೇ ಅವರ ಅರ್ಧ ಆಯಸ್ಸು ಕಳೆದಿತ್ತು. ಕಣ್ಣು ಮಂಜಾಗಿದ್ದರೂ ಕಿವಿ ಇನ್ನೂ ನೌಕರಿಯಲ್ಲೇ ಇತ್ತು. ಸೊಸೆಯ ಪಾಠವನ್ನೆಲ್ಲ ಅದು ಕೇಳಿ ಕೇಳಿಯೇ ಕಲಿತುಬಿಟ್ಟಿತ್ತು.

"ನೀನು ಮುಖ ನೋಡ್ಕೊಂಡು ಮಾತಾಡ್ತೀಯ, ಅದಕ್ಕೇ ಹೆದರ್ಕೋತೀಯ," ಎಂದರು ಅತ್ತೆ. "ನಾನು ಜೀವನ ಪೂರ್ತಿ ಯಾರ ಮುಖಾನೂ ನೋಡದೇ ಮಾತಾಡ್ದೋಳು. ನಡಿ, ಆ ಕೋಣೇಲಿ ಗೋಡೆ ಕಡೆ ತಿರುಕ್ಕೊಂಡು ಕೂತ್ಕೋ. ನಾನು ಇಲ್ಲಿಂದ ಫೋನ್ ಮಾಡ್ತೀನಿ."

ಫೋನೂ ಇಲ್ಲ, ತಂತಿಯೂ ಇಲ್ಲ. ಅತ್ತೆ ಅಡುಗೆಮನೆಯಿಂದ ಟ್ರಿಣ್ ಟ್ರಿಣ್ ಎನ್ನುವುದು, ಸೊಸೆ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಹಲೋ ಎನ್ನುವುದು. ಒಮ್ಮೆ ಅತ್ತೆ ಔಷಧಿ ಅಂಗಡಿಯವರಾಗುತ್ತಿದ್ದರು, ಒಮ್ಮೆ ಮನೆ ಬಾಡಿಗೆಗೆ ಕೊಡುವ ಸಿಡುಕುಮೂತಿಯ ಯಜಮಾನಿ, ಇನ್ನೊಮ್ಮೆ ದಾರಿ ತಪ್ಪಿದ ಮುದುಕ. ಗೊತ್ತಿದ್ದ ಪದಗಳು ಎಲ್ಲ ಸೇರಿ ಒಂದು ಬೊಗಸೆಯಷ್ಟು. ಅದರಲ್ಲೇ ಇಬ್ಬರೂ ಜಗಳವಾಡಿದರು, ರಾಜಿಯಾದರು, ಮಳೆ ಬಂದರೆ ಏನು ಗತಿ ಎಂದು ಚರ್ಚಿಸಿದರು. ಡ್ಯೂಟಿ ಮುಗಿಸಿ ಬಂದ ಗಂಡ ನಡುಮನೆಯಲ್ಲಿ ನಿಂತು ತಲೆಬುಡ ತಿಳಿಯದೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ತಾನೇ ಒಲೆ ಹಚ್ಚಿಕೊಂಡ. ಅವನು ಅಡುಗೆ ಕಲಿತದ್ದು ಹೀಗೆ.

ಕೆಲವು ವಾರ ಕಳೆದ ಮೇಲೆ ತರಗತಿಯಲ್ಲಿ ಮೇಡಂ, ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದಾಗ ಹಲ್ಲಕ್ಕ ತಾನಾಗಿಯೇ ಎದ್ದಳು. ಕಿಟಕಿಯಾಚೆಯ ಗೋಡೆ ನೋಡುತ್ತ ಸರಾಗವಾಗಿ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಭಾಷೆಯಲ್ಲಿ ಹಲ್ಲಿಗೂ ಬೆಕ್ಕಿಗೂ ಒಂದೇ ಒಂದು ಸದ್ದಿನ ವ್ಯತ್ಯಾಸ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಬಿಟ್ಟರೆ ಹಲ್ಲು, ಬರೀ ತುಟಿ ಸೇರಿಸಿ ಹೇಳಿದರೆ ಬೆಕ್ಕು. ಹಲ್ಲಕ್ಕ ಹೇಳಿದ್ದು ಇಷ್ಟು: ನಾನು ಇಪ್ಪತ್ತು ವರ್ಷದಿಂದ ಬೆಕ್ಕು ತಯಾರಿಸುತ್ತಿದ್ದೇನೆ. ಹೆಂಗಸರಿಗೆ ಚಿಕ್ಕವು, ಗಂಡಸರಿಗೆ ದೊಡ್ಡವು. ರಾತ್ರಿ ಮಲಗುವಾಗ ಬೆಕ್ಕನ್ನು ಬಾಯಿಂದ ತೆಗೆದು ನೀರಿನಲ್ಲಿ ಹಾಕಿಡಬೇಕು.

ವಿಷಯ ತಿಳಿದು ಹಲ್ಲಕ್ಕನೂ ಬೆಂಚಿಗೆ ಒರಗಿ ಬಿದ್ದು ಬಿದ್ದು ನಕ್ಕಳು. ಯಾರಿಂದ ಕಲಿತಿರಿ ಎಂದು ಮೇಡಂ ಕೇಳಿದರೆ, ನಮ್ಮತ್ತೆಯಿಂದ, ಅವರ ಬಾಯಲ್ಲಿ ಹಲ್ಲೇ ಇಲ್ಲ ಎಂದಳು. ನಗು ಮತ್ತೊಂದು ಸುತ್ತು ಎದ್ದಿತು.

ಮನೆಗೆ ಬಂದು ಅದನ್ನೇ ಅಭಿನಯಿಸಿ ತೋರಿಸಿದಳು. ಗಂಡ ಕೆಮ್ಮುವಷ್ಟು ನಕ್ಕ. ಅತ್ತೆ ನಗಲಿಲ್ಲ. ತುಟಿ ಮುಂದೆ ಮಾಡಿ, ಆ ಸದ್ದನ್ನು ಹೊರಡಿಸಲು ಮತ್ತೆ ಮತ್ತೆ ಯತ್ನಿಸಿದರು. ಬರೀ ಗಾಳಿ ಬಂತು. ಬೆಳಿಗ್ಗೆ ಹಲ್ಲಕ್ಕ ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಬಂದು ನಿಂತರು.

"ಏ, ನನಗೊಂದು ಸೆಟ್ಟು ಮಾಡ್ಕೊಡೇ," ಎಂದರು. "ಕಲಿಸೋಳ ಬಾಯೇ ಸರಿ ಇಲ್ದೇ ಇದ್ರೆ ಕಲಿಯೋಳ ಗತಿಯೇನು?"

ಹಲ್ಲಕ್ಕ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು ಅತ್ತೆಯನ್ನು ತಬ್ಬಿಕೊಂಡಳು. ಆ ದಿನ ಲ್ಯಾಬಿಗೆ ತಡವಾಗಿ ಹೋದಳು, ಅತ್ತೆಯನ್ನು ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಚ್ಚು ತೆಗೆಸಿಕೊಂಡೇ.

ಅಷ್ಟು ವರ್ಷದಲ್ಲಿ ಎಷ್ಟೋ ಬಾಯಿಗಳಿಗೆ ಹಲ್ಲು ಕೂರಿಸಿದ್ದಳು. ಆ ಬಾಯಿಗಳೆಲ್ಲ ಅವಳಿಗೆ ಪ್ಲಾಸ್ಟರಾಗಿಯೇ ಗೊತ್ತು. ಅವು ಊಟ ಮಾಡಿದ್ದನ್ನು, ಬೈದದ್ದನ್ನು ಅವಳು ಕಂಡವಳಲ್ಲ. ಈಗ ಮೇಜಿನ ಮೇಲೆ ಬಂದು ಕೂತ ಬೋಳುಬಾಯಿ, ದಿನವೂ ತನ್ನನ್ನು ಊಟಕ್ಕೆ ಕೂಗುವ ಬಾಯಿ. ಮುತ್ತು ಪೋಣಿಸಿದಂತೆ ಸಾಲಾಗಿ, ಬೆಳ್ಳಗೆ ಜೋಡಿಸಿ, ಮೇಣದಲ್ಲಿದ್ದಾಗಲೇ ಹಾಕಿ ನೋಡಲು ವೈದ್ಯರ ಕೋಣೆಗೆ ಒಯ್ದಳು. ಅತ್ತೆ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿಕೊಂಡರು.

"ಚೆನ್ನಾಗಿದೆ. ಆದರೆ ಇದು ಯಾರದೋ ಬಾಯಿ," ಎಂದರು. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣ ಸಂದಿಯಿತ್ತು, ಎಳೆವಯಸ್ಸಿನಲ್ಲಿ ಅದರಲ್ಲೇ ಸಿಳ್ಳೆ ಹಾಕುತ್ತಿದ್ದೆ, ಅದು ಬೇಕು ಎಂದರು. ಬಣ್ಣವೂ ಇಷ್ಟು ಬಿಳಿ ಬೇಡ, ಜೀವಮಾನವಿಡೀ ಕಾಫಿ ಕುಡಿದವಳ ಹಲ್ಲು ಕಾಫಿ ಕುಡಿದ ಹಾಗೇ ಇರಲಿ. ವೈದ್ಯರು ನಗುತ್ತ ಹಲ್ಲಕ್ಕನ ಕಡೆ ನೋಡಿದರು. ಅವಳು ಸೆಟ್ಟನ್ನು ವಾಪಸ್ ಲ್ಯಾಬಿಗೆ ಒಯ್ದು, ಹಲ್ಲುಗಳನ್ನೆಲ್ಲ ಕಿತ್ತು ಹೊಸದಾಗಿ ನೆಟ್ಟಳು. ಒಂದನ್ನು ತುಸು ಓರೆ ಮಾಡಿದಳು, ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟಳು. ಮೇಲಿನ ಮುಂದಿನ ಹಲ್ಲಿನ ಅಂಚು ಕೆಳತುಟಿಯ ಒದ್ದೆ ಗೆರೆಗೆ ಸರಿಯಾಗಿ ಕೂರುವಂತೆ ನೋಡಿಕೊಂಡಳು, ಏಕೆಂದರೆ ಆ ಸದ್ದು ಹುಟ್ಟುವ ಜಾಗ ಅದೇ.

ಸೆಟ್ಟು ಸಿದ್ಧವಾಗಿ ಬಾಯಿಗೆ ಬಂದ ದಿನ ಅತ್ತೆ ಲ್ಯಾಬಿಗೇ ಬಂದು ಮೊದಲು ಮಾಡಿದ್ದು ಸೀನುವ ಪರೀಕ್ಷೆ. ಲ್ಯಾಬಿನ ಧೂಳು ಹೊಡೆಯುವ ಬ್ರಷ್ಷಿನಿಂದ ಮೂಗು ಕೆರಳಿಸಿಕೊಂಡು, ಕಿಟಕಿಯ ಗಾಜು ಅದುರುವ ಹಾಗೆ ಸೀನಿದರು. ಯಜಮಾನರು ಸಹಿತ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಹಲ್ಲು ಅಲುಗಾಡಲಿಲ್ಲ. ಆಮೇಲೆ ಅತ್ತೆ ಮೇಲಿನ ಹಲ್ಲನ್ನು ತುಟಿಗೆ ತಾಗಿಸಿ, ನಿಧಾನವಾಗಿ ಆ ಪದ ಹೇಳಿದರು. ಅದು ಹಲ್ಲೇ ಆಗಿತ್ತು, ಬೆಕ್ಕಾಗಿರಲಿಲ್ಲ.

ಸಂದರ್ಶನ ಒಂದು ಭಾನುವಾರ ಬೆಳಿಗ್ಗೆ, ಮನೆಯ ಊಟದ ಮೇಜಿನ ಮೇಲೆಯೇ ನಡೆಯಿತು. ಗಂಡ ಡಬ್ಬಿಗಳನ್ನು ಪೇರಿಸಿ, ಅದರ ಮೇಲೆ ಯಜಮಾನರು ಕೊಟ್ಟ ಲ್ಯಾಪ್‌ಟಾಪ್ ಇಟ್ಟು, ಕುಕ್ಕರ್ ಕೂಗದಂತೆ ಒಲೆ ಆರಿಸಿದ. ಅತ್ತೆಗೆ ಒಳಗಿನ ಕೋಣೆಯಲ್ಲಿ ಸದ್ದಿಲ್ಲದೆ ಕೂರಬೇಕೆಂದು ಆಜ್ಞೆಯಾಗಿತ್ತು. ಪರದೆಯ ಮೇಲೆ ಬಿಳಿಗೂದಲಿನ ಹೆಂಗಸೊಬ್ಬಳು ಕಾಣಿಸಿಕೊಂಡು ನಮಸ್ಕರಿಸಿದಳು. ಅಲ್ಲಿಯ ಲ್ಯಾಬಿನ ಮುಖ್ಯಸ್ಥೆ ಅವಳೇ. ಹಲ್ಲಕ್ಕ ತನ್ನ ಹೆಸರು ಹೇಳಿದಳು. ಮುಂದಿನ ಪ್ರಶ್ನೆಗೆ ಕಲಿತದ್ದೆಲ್ಲ ಮತ್ತೆ ಆವಿಯಾಯಿತು. ಆ ಎರಡು ಕಣ್ಣು ನೇರ ತನ್ನನ್ನೇ ನೋಡುತ್ತಿದ್ದವು. ಬಾಗಿಲ ಸಂದಿಯಲ್ಲಿ ಗಂಡ ಕೈ ಹಿಸುಕಿಕೊಳ್ಳುತ್ತಿದ್ದ.

ಆಗ ಹಲ್ಲಕ್ಕ ಒಂದು ಕೆಲಸ ಮಾಡಿದಳು. ಕ್ಷಮಿಸಿ ಎಂದು ಹೇಳಿ, ಎದ್ದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ಪರದೆಯ ಮೇಲೆ ಈಗ ಅವಳ ಬೆನ್ನು, ಜಡೆ ಅಷ್ಟೇ. ಗೋಡೆಗೆ ಹಲೋ ಎಂದಳು. ಆಮೇಲೆ ಮಾತು ನಿಲ್ಲಲಿಲ್ಲ. ಮೇಣ ಯಾವ ಹದಕ್ಕೆ ಬಂದಾಗ ಹಲ್ಲು ಊರಬೇಕು, ಎಂಥ ಮುಖಕ್ಕೆ ಎಂಥ ಹಲ್ಲು ಒಪ್ಪುತ್ತದೆ, ಹೊಸ ಯಂತ್ರದಿಂದ ಏನು ಕಲಿಯುವ ಆಸೆ, ಎಲ್ಲವನ್ನೂ ಹೇಳಿದಳು. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತು. ಬೆಕ್ಕು ಮಾತ್ರ ಒಮ್ಮೆಯೂ ನುಸುಳಲಿಲ್ಲ.

ಗೋಡೆಯ ಜೊತೆ ಏಕೆ ಮಾತಾಡುತ್ತಿದ್ದೀರಿ ಎಂದು ಮುಖ್ಯಸ್ಥೆ ಕೇಳಿದಳು. ನಮ್ಮತ್ತೆ ಟೆಲಿಫೋನ್ ಆಪರೇಟರ್, ಹೀಗೇ ಕಲಿಸಿದರು ಎಂದಳು ಹಲ್ಲಕ್ಕ. ಅವರನ್ನು ನೋಡಬಹುದೇ ಎಂದು ಆ ಕಡೆಯಿಂದ ಕೋರಿಕೆ ಬಂತು. ಕರೆಯುವ ಅಗತ್ಯವೇ ಬೀಳಲಿಲ್ಲ. ಅತ್ತೆ ಅಷ್ಟರಲ್ಲಾಗಲೇ ಸೆರಗು ಸರಿಮಾಡಿಕೊಂಡು ಮೇಜಿನ ಬಳಿ ನಿಂತಿದ್ದರು. ಪರದೆಯ ಕಡೆ ಕಣ್ಣು ಕಿರಿದು ಮಾಡಿ, ನೌಕರಿಯ ಕಾಲದ ಆ ನುಣುಪು ದನಿಯಲ್ಲಿ, ಆ ಭಾಷೆಯಲ್ಲೇ ಹೇಳಿದರು: "ನಮಸ್ಕಾರ. ತಮಗೆ ಯಾರ ಜೊತೆ ಮಾತಾಡಬೇಕು? ದಯವಿಟ್ಟು ಲೈನಿನಲ್ಲೇ ಇರಿ."

ಮುಖ್ಯಸ್ಥೆ ನಕ್ಕ ನಗು ಬೀದಿಗೆ ಕೇಳಿಸಿತೆಂದು ಹಲ್ಲಕ್ಕನ ಗಂಡ ಈಗಲೂ ಹೇಳುತ್ತಾನೆ. ಆಮೇಲೆ ಆ ಹೆಂಗಸು ಅತ್ತೆಯನ್ನು ಇನ್ನಷ್ಟು ಹತ್ತಿರ ಬರಹೇಳಿ, ಆ ಸಂದಿಯಿರುವ ಹಲ್ಲಿನ ಸಾಲು ಯಾರು ಮಾಡಿದ್ದು ಎಂದು ಕೇಳಿದಳು. ಅತ್ತೆ ಸೊಸೆಯ ಹೆಗಲ ಮೇಲೆ ಕೈಯಿಟ್ಟರು. ವಾರದೊಳಗೆ ಒಪ್ಪಿಗೆ ಬಂತು.

ಮುಂದೆ ಮನೆಯೇ ಒಂದು ಅಂಗಡಿಯಾಯಿತು. ಸೂಟ್‌ಕೇಸು ನಡುಮನೆಯಲ್ಲಿ ಬಾಯಿ ತೆರೆದು ಬಿದ್ದುಕೊಂಡಿತು. ಬೀದಿಯವರು ಒಬ್ಬೊಬ್ಬರೂ ಒಂದೊಂದು ತಂದರು. ಕನ್ನಡಕದ ಅಂಗಡಿಯವರು ದಪ್ಪ ಉಣ್ಣೆಯ ಕೋಟು ಕೊಟ್ಟರು. ಅದು ಅವರ ದಿವಂಗತ ಅಣ್ಣನದು, ಹಲ್ಲಕ್ಕ ತೊಟ್ಟರೆ ಕೋಟೇ ನಡೆದುಹೋಗುತ್ತಿರುವಂತೆ ಕಾಣುತ್ತಿತ್ತು. ಗಂಡ ರಾತ್ರಿ ಅದನ್ನು ಮಡಚಿ ಮಡಚಿ ತುರುಕಿದರೆ, ಬೆಳಿಗ್ಗೆ ಅತ್ತೆ ಮತ್ತೆ ತೆಗೆದು ಇನ್ನೇನೋ ಇಡುತ್ತಿದ್ದರು. ಕೊನೆಗೆ ಸೂಟ್‌ಕೇಸಿನ ಮೇಲೆ ಮೂವರೂ ಒಟ್ಟಿಗೆ ಕೂತ ಮೇಲೆ ಜಿಪ್ ಹತ್ತಿತು.

ಹೊರಡುವ ದಿನ ಗಂಡ ರಜೆ ಹಾಕಲಿಲ್ಲ. ಸಹೋದ್ಯೋಗಿಯ ಜೊತೆ ಪಾಳಿ ಬದಲಿಸಿಕೊಂಡು ವಿಮಾನ ನಿಲ್ದಾಣದ ಬಸ್ಸನ್ನೇ ಓಡಿಸಲು ಪಡೆದಿದ್ದ. ಹಲ್ಲಕ್ಕನೂ ಅತ್ತೆಯೂ ಅವನ ಹಿಂದಿನ ಸೀಟಿನಲ್ಲಿ ಕೂತರು. ಅತ್ತೆ ಪಕ್ಕದ ಪ್ರಯಾಣಿಕರಿಗೆಲ್ಲ, ನಮ್ಮ ಸೊಸೆ ಹೊರದೇಶಕ್ಕೆ ಹೋಗ್ತಿದಾಳೆ, ಓಡಿಸ್ತಿರೋನು ನನ್ನ ಮಗ ಎಂದು ಸಾರಿದರು. ಬಸ್ಸು ಅಂದು ಎಂದಿಗಿಂತ ಮೆತ್ತಗೆ ಓಡಿತು, ಒಂದು ಹಳ್ಳವೂ ಗೊತ್ತಾಗಲಿಲ್ಲ. ಕೊನೆಯ ನಿಲ್ದಾಣದಲ್ಲಿ ಗಂಡ ಇಳಿದು ಸೂಟ್‌ಕೇಸು ಕೆಳಗಿಟ್ಟ. ಹಿಂದೆ ಬಂದ ಬಸ್ಸಿನವನು ಆಗಲೇ ಹಾರ್ನ್ ಒತ್ತುತ್ತಿದ್ದ. ಏನಾದರೂ ಹೇಳಬೇಕೆಂದು ಅವನು ಬಹಳ ಒದ್ದಾಡಿ, ಎಲ್ಲ ಪ್ರಯಾಣಿಕರಿಗೂ ಹೇಳುವಂತೆ, "ನೋಡ್ಕೊಂಡು ಇಳೀರಿ" ಎಂದ. ಹಲ್ಲಕ್ಕ ಇಳಿದು ಆಗಲೇ ಅವನ ಎದುರಿಗೆ ನಿಂತಿದ್ದಳು. ಇಬ್ಬರೂ ನಗುತ್ತಿದ್ದರು. ಅವಳ ಕಣ್ಣು ಮಾತ್ರ ತುಂಬಿತ್ತು.

ಈಗ ಅವಳು ಅಲ್ಲಿದ್ದಾಳೆ. ಅಲ್ಲಿಯ ಪದ್ಧತಿ ಅವಳಿಗೆ ಬಹಳ ಹಿಡಿಸಿದೆ. ಸೆಟ್ಟು ಮಾಡಿದವರನ್ನೂ ಹಾಕಿಕೊಳ್ಳುವವರನ್ನೂ ಎದುರುಬದುರು ಕೂರಿಸುತ್ತಾರೆ. ಅವಳು ಕಂಪ್ಯೂಟರಿನಲ್ಲಿ ಜೋಡಿಸಿದ ಮೊದಲ ಸಾಲು ಒಬ್ಬ ಮುದಿ ತೋಟಗಾರನಿಗೆ ಸೇರಿತಂತೆ. ಆತ ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, ಅವಳ ಎರಡೂ ಕೈ ಹಿಡಿದು ಏನೇನೋ ಹೇಳಿದನಂತೆ. ಅರ್ಧದಷ್ಟು ಅರ್ಥವಾಯಿತು, ಉಳಿದರ್ಧಕ್ಕೆ ಸುಮ್ಮನೆ ನಾನೂ ನಕ್ಕೆ ಎಂದು ಫೋನಿನಲ್ಲಿ ಹೇಳಿದಳು. ಈ ಸಲ ಅವಳು ಅವನ ಮುಖವನ್ನೇ ನೋಡುತ್ತಿದ್ದಳಂತೆ.