ಲೊಸಲಿನೆಯ ಹತ್ತೊಂಬತ್ತು ಕಡತಗಳು

ನೆಯಾಫುವಿನ ದಕ್ಕೆಯಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ, ಮೀನಿನ ಬಲೆ ಮಾರುವ ಅಂಗಡಿಯ ಮಗ್ಗುಲ ಒಂದೇ ಕೋಣೆಯಲ್ಲಿ ಫೆಲೆತಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಆ ಊರಿರುವ ವವಾಉ ದ್ವೀಪಗಳ ಅರ್ಧದಷ್ಟು ಯಂತ್ರಗಳು ಒಮ್ಮೆಯಾದರೂ ಅವನ ಮೇಜಿನ ಮೇಲೆ ಮಲಗಿ ಎದ್ದಿವೆ. ಉಪ್ಪುಗಾಳಿಗೆ ತುಕ್ಕು ಹಿಡಿದವು, ಇರುವೆ ಗೂಡು ಕಟ್ಟಿದವು, ವೈರಸ್ ಹೊಕ್ಕವು. ಫೆಲೆತಿಯದು ದೊಡ್ಡ ಮೈ, ಸಣ್ಣ ದನಿ. ಯಾರ ಯಂತ್ರದೊಳಗೆ ಏನು ಕಂಡರೂ ಅದು ಅವನ ಬಾಯಿಂದ ಹೊರಗೆ ಬಂದದ್ದಿಲ್ಲ.

ಅವನಿಗೆ ಒಬ್ಬಳೇ ಅಕ್ಕ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಲೊಸಲಿನೆ. ತನಗೆ ಹನ್ನೆರಡು ತುಂಬಿದ ಮೇಲೆ ಅವಳು ಮಲಗುವ ಸೂರಿನಡಿ ಅವನು ಮಲಗಲಿಲ್ಲ, ಅವಳ ಚಾಪೆಯ ಮೇಲೆ ಕೂರಲಿಲ್ಲ, ಅವಳ ಎದುರು ಪೋಲಿ ಮಾತಾಡಲಿಲ್ಲ. ಅದು ಮುನಿಸಲ್ಲ. ಒಡಹುಟ್ಟಿದ ಹೆಣ್ಣು ಗಂಡಿಗಿಂತ ಮೇಲು. ಅವಳ ವಸ್ತುವಿನ ಮೇಲೆ ಕೈ ಹಾಕದಿರುವುದೇ ಅಲ್ಲಿಯ ಗಂಡುಮಕ್ಕಳಿಗೆ ಗೊತ್ತಿರುವ ಪ್ರೀತಿ. ಮರ ಹತ್ತಿ ಕಿತ್ತ ಮಾವಿನಹಣ್ಣನ್ನು ಅವನು ಅವಳ ಹೊಸ್ತಿಲಲ್ಲಿಟ್ಟು, ಒಮ್ಮೆ ಕೆಮ್ಮಿ, ಹೊರಟುಬಿಡುತ್ತಿದ್ದ.

ಲೊಸಲಿನೆಗೆ ಮೂತ್ರಪಿಂಡದ ಕಾಯಿಲೆ ಬಲಿತು ಆಸ್ಪತ್ರೆ ಸೇರಿದ ತಿಂಗಳಲ್ಲೇ ಅವಳ ಕಂಪ್ಯೂಟರಿಗೆ ವೈರಸ್ ಹತ್ತಿತು. ಚರ್ಚಿನ ಹಾಡುಗಳಿದ್ದ ಯಾರದೋ ಪೆನ್‌ಡ್ರೈವಿನಿಂದ ಬಂದದ್ದು. ಹದಿನೇಳರ ಮಗಳು ಸಿಯಾಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮಾವನ ಅಂಗಡಿಗೆ ತಂದಳು. ಜೊತೆಗೊಂದು ಮಡಿಸಿದ ಚೀಟಿ.

"ಒಳಗೆ ಹೋಗೋ ಪಾಸ್‌ವರ್ಡ್ ಇದರಲ್ಲಿದೆಯಂತೆ ಮಾವ. ಅಮ್ಮ ಕೊಡು ಅಂದ್ಲು."

ಫೆಲೆತಿ ಚೀಟಿಯನ್ನು ಬಿಡಿಸಲಿಲ್ಲ. ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಸಿಕ್ಕಿಸಿ, ಅಕ್ಕನ ಕಡತಗಳಿದ್ದ ಪೆಟ್ಟಿಗೆಯನ್ನು, ಅಂದರೆ ಫೋಲ್ಡರನ್ನು, ಹೆಸರು ಕೂಡ ಓದದೆ ಇಡಿಯಾಗಿ ಬದಿಗೆ ಸರಿಸಿದ. ಉಳಿದದ್ದನ್ನೆಲ್ಲ ಅಳಿಸಿ ತೊಳೆದು ಹೊಸದಾಗಿ ಕಟ್ಟಿ, ಪೆಟ್ಟಿಗೆಯನ್ನು ಇದ್ದ ಕಡೆಗೇ ತಂದಿಟ್ಟ. ಎರಡು ದಿನ ಹಿಡಿಯಿತು. ಚೀಟಿಯನ್ನು ಮಡಿಕೆ ಮುರಿಯದೆ ಹಿಂದಿರುಗಿಸಿ, ಅದು ಬೇಕಾಗಲಿಲ್ಲವೆಂದು ಅಮ್ಮನಿಗೆ ಹೇಳು ಅಂದ. ಹೇಳುವಾಗ ಮನಸ್ಸಿನಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಅಕ್ಕ ಕೇಳಿ ನಕ್ಕಳಂತೆ. ಅದೇ ವಾರ ತೀರಿಕೊಂಡಳು.

ಸಾವಿನ ಮನೆಯಲ್ಲಿ ತಮ್ಮನ ಜಾಗ ಹಿತ್ತಲಿನ ಒಲೆಯ ಹತ್ತಿರ. ದುಃಖದ ಗುರುತಾಗಿ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು, ಬಂದವರಿಗೆಲ್ಲ ಗೆಣಸು ಬೇಯಿಸುತ್ತ, ಹೊಗೆಗೆ ಕಣ್ಣೊರೆಸುತ್ತ ಅವನು ಅಲ್ಲೇ ಇದ್ದ. ಅಕ್ಕನ ಮುಖ ನೋಡಲಿಲ್ಲ.

ತಿಂಗಳು ಕಳೆದ ಮೇಲೆ ಸಿಯಾಲೆ ಯಂತ್ರವನ್ನು ಮತ್ತೆ ತಂದಳು. ಕಾಯಿಲೆಯ ದಿನಗಳಲ್ಲಿ ಅಮ್ಮ ಅವಳಿಗೆಂದೇ ಮಾತಾಡಿ, ಆ ದನಿಯನ್ನು ಅದರಲ್ಲಿ ತುಂಬಿಸಿಟ್ಟಿದ್ದಳು. ತಾನು ಹೋದ ಮೇಲೆ ಕೇಳು ಅಂದಿದ್ದಳು. ಈಗ ಕೇಳಲು ಹೋದರೆ, ನಿನಗೆ ಅನುಮತಿ ಇಲ್ಲ ಅನ್ನುತ್ತಿತ್ತು ಯಂತ್ರ.

ಫೆಲೆತಿಗೆ ಇದು ದಿನದ ಕೆಲಸ. ತೊಳೆದು ಕಟ್ಟಿದ ಯಂತ್ರದಲ್ಲಿ ಹಳೆಯ ಕಡತಗಳು ಹೊಸಬರನ್ನು ಗುರುತಿಸುವುದಿಲ್ಲ. ಒಡೆಯರು ಯಾರು ಎಂದು ಪರದೆಯ ಮೇಲೆ ಒಂದು ಚೌಕ ಕೇಳುತ್ತದೆ. ಹೆಸರು ಬರೆದರೆ ಬಾಗಿಲು ತೆರೆಯುತ್ತದೆ. ನೂರಾರು ಯಂತ್ರಗಳಲ್ಲಿ ಅವನು ಯೋಚಿಸದೆ ತನ್ನ ಹೆಸರನ್ನೇ ಬರೆದಿದ್ದ. ಇಲ್ಲಿ ಬೆರಳು ನಿಂತಿತು. ಅಕ್ಕನ ವಸ್ತುವಿಗೆ ತಮ್ಮ ಒಡೆಯನಾಗುವುದೆಂದರೆ ಏನು? ಒಂದು ದಿನ ಕೂತು ನೋಡಿದ, ಎರಡು ದಿನ ನೋಡಿದ.

ದೋಣಿ ಓಡಿಸುವ ಗೆಳೆಯ ಮನಾಸೆ ಬಂದು ಛೇಡಿಸಿದ. "ನಿನ್ನ ಅಂಗಡೀಲಿ ನಿನ್ನ ಹೆಸರು ಬರೆಯೋಕೆ ನಾಚಿಕೆಯೇನೋ? ಸರಿ, ನನ್ನ ಹೆಸರು ಬರಿ."

"ನಿನ್ನ ಹೆಸರು ಬರೆದ್ರೆ ಅಕ್ಕ ಗೋರಿಯಿಂದ ಎದ್ದು ಬರ್ತಾಳೆ."

"ಬರ್ಲಿ ಬಿಡು. ಅವಳನ್ನೇ ಕೇಳಿ ಬರಿ."

ಅಂದದ್ದೇ ಮನಾಸೆಯ ನಗು ಅರ್ಧಕ್ಕೆ ನಿಂತಿತು. ದೋಣಿಗೆ ಹೊತ್ತಾಯಿತೆಂದು ಎದ್ದು ಹೋದ.

ನಾಲ್ಕನೆಯ ದಿನ ಸಿಯಾಲೆಯ ತಾಳ್ಮೆ ಮುಗಿಯಿತು. "ಮಾವ, ನಿನ್ನ ಹಂದಿ ಬೇಕು ಅಂದ್ರೆ ನಾನು ಹಿಡ್ಕೊಂಡು ಹೋಗಬಹುದು, ನೀನು ಉಸಿರೆತ್ತೋ ಹಾಗಿಲ್ಲ. ನಮ್ಮಮ್ಮನ ಮಾತು ಮಾತ್ರ ಕೊಡಲ್ಲ ಅಂತೀಯ."

ಫೆಲೆತಿ ತಲೆಯೆತ್ತಿದ. ಹುಡುಗಿ ಅಂದದ್ದು ನಿಜ. ಅಲ್ಲಿಯ ಪದ್ಧತಿಯಲ್ಲಿ ಅಕ್ಕನ ಮಗಳು ಅವನಿಗೆ ಫಹು. ಅವನ ಮನೆಯ ಯಾವುದನ್ನು ಕೇಳಿದರೂ ಇಲ್ಲವೆನ್ನಬಾರದಂಥ ದೊಡ್ಡವಳು. ಒಡತಿ ನಾಲ್ಕು ದಿನದಿಂದ ಎದುರಿಗೇ ಇದ್ದಳು. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟು, ತಾನು ಬಾಗಿಲಿಗೆ ಹೋಗಿ ಪರದೆಗೆ ಬೆನ್ನು ಮಾಡಿ ನಿಂತ. ಅಲ್ಲಿಂದಲೇ ಹೇಳಿಕೊಟ್ಟ.

"ಬಲಗಡೆ ಗುಂಡಿ ಒತ್ತು. ಪಟ್ಟಿ ಬಂತಾ? ಕೆಳಗಿನದ್ದು ಒತ್ತು."

"ಅಳಿಸು ಅನ್ನೋದನ್ನಾ?"

"ಅಲ್ಲ ಮಾರಾಯ್ತಿ, ಅದಕ್ಕೂ ಕೆಳಗೆ. ಎಲ್ಲದಕ್ಕಿಂತ ಕೆಳಗೆ."

ಕೊನೆಗೆ ಚೌಕ ಬಂತು. ಅವಳು ತನ್ನ ಹೆಸರು ಬರೆದಳು. ಪೆಟ್ಟಿಗೆ ತೆರೆಯಿತು. ಇಪ್ಪತ್ತೆರಡು ಇವೆ ಮಾವ, ಅಂದಳು. ಒಂದೊಂದನ್ನೇ ಒತ್ತಿ ನೋಡಿದಳು. ಆಮೇಲೆ ಅಂದಳು:

"ಮೂರು ತೆರೆದುಕೊಳ್ಳುತ್ತೆ. ಉಳಿದದ್ದು ತೆರೆಯಲ್ಲ. ಅವುಗಳ ಹೆಸರು ಹಸಿರು ಬಣ್ಣದಲ್ಲಿದೆ."

ಫೆಲೆತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ತಿರುಗಿ ನೋಡಬೇಕಾಗಿರಲಿಲ್ಲ. ಹಸಿರು ಅಂದರೆ ಅಕ್ಕ ಅವನ್ನು ತನ್ನ ಕೈಯಾರೆ ಇನ್ನೊಂದು ಬೀಗದೊಳಗೆ ಇಟ್ಟಿದ್ದಳು, ಮಗಳ ಹೊರತು ಯಾರ ಕಿವಿಗೂ ಬೀಳಬಾರದೆಂದು. ಆ ಬೀಗದ ಕೀಲಿಯಿದ್ದದ್ದು ಯಂತ್ರದಲ್ಲಿ ಅಕ್ಕನಿಗೆಂದೇ ಇದ್ದ ಹಳೆಯ ಖಾತೆಯ ಜಾಗದಲ್ಲಿ. ಅದನ್ನು ಅವನು ಚೊಕ್ಕಟವಾಗಿ ತೊಳೆದುಬಿಟ್ಟಿದ್ದ.

ಸಿಯಾಲೆ ಚೀಲದಿಂದ ಚೀಟಿ ತೆಗೆದಳು. "ಇದನ್ನ ಹಾಕ್ಲಾ?"

"ಈಗ ಅದನ್ನ ಹಾಕೋಕೆ ಜಾಗ ಇಲ್ಲಮ್ಮ."

"ಅವತ್ತು?"

"ಅವತ್ತು ಇತ್ತು. ಅವತ್ತು ಅದನ್ನ ಹಾಕಿ ಒಳಗೆ ಹೋಗಿದ್ರೆ ಎಲ್ಲಾ ಉಳೀತಿತ್ತು."

"ನೀನು ಬಿಡಿಸಿ ನೋಡಲೇ ಇಲ್ವಾ ಮಾವ?"

"ಅಕ್ಕನ ಚೀಟಿ ಅದು."

ಅವಳು ಕೂಗಾಡಲಿಲ್ಲ. ಚೀಟಿಯನ್ನು ಬಿಡಿಸಿ ಓದಿದಳು, ಮತ್ತೆ ಮಡಿಸಿದಳು. ಅದರಲ್ಲಿ ಏನಿತ್ತೆಂದು ಅವನು ಕೇಳಲಿಲ್ಲ. ತೆರೆದ ಮೂರರ ಹೆಸರು ಓದಿ ಅವಳೇ ಅಂದಳು, "ಈ ಮೂರು ಚರ್ಚಿನ ಹಾಡಿನ ಅಭ್ಯಾಸ. ಇದನ್ನ ಊರೇ ಕೇಳಿದೆ. ನೀನೂ ಕೂತ್ಕೋ."

ಅವನು ಹೊಸ್ತಿಲ ಮೇಲೆ ಕೂತ. ಹೆಂಗಸರ ಹಾಡು ಎದ್ದಿತು. ನಡುವೆ ಲೊಸಲಿನೆ ಅವರನ್ನು ನಿಲ್ಲಿಸಿ ಗದರಿದಳು, ಯಾರೋ ಏನೋ ಅಂದದ್ದಕ್ಕೆ ನಕ್ಕಳು, ನಗುತ್ತಲೇ ಕೆಮ್ಮಿದಳು. ಸಿಯಾಲೆ ಆ ಕೆಮ್ಮಿನವರೆಗೆ ಹಾಕಿ, ನಿಲ್ಲಿಸಿ, ಮತ್ತೆ ಹಾಕಿದಳು.

ಸಿಯಾಲೆ ಈಗ ರಾಜಧಾನಿ ನುಕುಅಲೋಫಾದಲ್ಲಿ ನರ್ಸ್. ಹಾಡುಗಳನ್ನು ಜೊತೆಗೆ ಒಯ್ದಳು. ತೆರೆಯದ ಹತ್ತೊಂಬತ್ತು ಇದ್ದ ಡಿಸ್ಕನ್ನು ಮಾವನ ಹತ್ತಿರ ಬಿಟ್ಟಳು. ಉಪ್ಪುಗಾಳಿ ಯಾವ ಡಿಸ್ಕನ್ನೂ ಬಹಳ ಕಾಲ ಬಾಳಿಸುವುದಿಲ್ಲ. ಅದಕ್ಕೇ ಫೆಲೆತಿ ವರ್ಷಕ್ಕೊಮ್ಮೆ, ಅಕ್ಕ ತೀರಿಕೊಂಡ ವಾರದಲ್ಲಿ, ಅದನ್ನು ಇದ್ದ ಹಾಗೇ ಹೊಸ ಡಿಸ್ಕಿಗೆ ಇಳಿಸುತ್ತಾನೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಕಾಣುವುದು ಮೆಲ್ಲಗೆ ಉದ್ದವಾಗುವ ಒಂದು ಗೆರೆ ಮಾತ್ರ. ಆದರೂ ಅವನು ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಹೊಸ್ತಿಲಿಗೆ ಹೋಗಿ ಕೂರುತ್ತಾನೆ.